ದೇವರ ಜಗಲಿಯ ಹಿಂದಿನ ಓತಿಕ್ಯಾತ

ನಮ್ಮ ಮನೆಯಲ್ಲಿ ‘ನಂದು’ ಎನ್ನುವ ಮಾತು ಬೈಗುಳದ ಸಾಲಿಗೆ ಸೇರಿತ್ತು. ಶಲವಡಿಯ ಆ ಮಣ್ಣಿನ ಮಾಳಿಗೆಯ ಮನೆಯೊಳಗೆ ಎತ್ತು ಮನೆಯವು, ಎಮ್ಮೆ ಮನೆಯದು, ಅಪ್ಪನ ಕರಿ ಕೊಡೆ ಕೂಡ ಮನೆಯದು. ಮಳೆ ಬಂದಾಗ ಯಾರು ಮೊದಲು ಹೊಸ್ತಿಲು ದಾಟುತ್ತಾರೋ ಅವರ ತಲೆಯ ಮೇಲೆ ಅದು ಇರುತ್ತಿತ್ತು. ನನ್ನ ಅಂಗಿ ತೋಳಿಗೆ ಗಿಡ್ಡವಾಯಿತೆಂದರೆ ಮರುದಿನ ಮುತ್ತೂನ ಮೈಮೇಲೆ ಕಾಣುತ್ತಿತ್ತು. ಮುತ್ತು ನನ್ನ ಕಾಕಾನ ಮಗ, ನನಗಿಂತ ಎರಡು ವರ್ಷಕ್ಕೆ ಚಿಕ್ಕವ. ಒಮ್ಮೆ ಊಟಕ್ಕೆ ಕೂತಾಗ ಚೆನ್ನಾಗಿ ಉಬ್ಬಿದ ರೊಟ್ಟಿಯೊಂದನ್ನು ನಂದು ಎಂದು ಎಳೆದುಕೊಂಡೆ. ಆಯಿ, ಅಂದರೆ ಅಪ್ಪನ ತಾಯಿ, ಅದನ್ನು ನನ್ನ ತಾಟಿನಿಂದ ಎತ್ತಿ ಮುತ್ತೂನ ತಾಟಿಗೆ ಹಾಕಿದಳು. ಅವನು ಹಿಗ್ಗಿ ‘ಈಗ ನಂದು’ ಎಂದದ್ದೇ ತಡ, ಅವನ ತಾಟಿನಿಂದಲೂ ಎತ್ತಿಕೊಂಡು ಹೋಗಿ ಎಮ್ಮೆಗೆ ಹಾಕಿ ಬಂದಳು. ಎಮ್ಮೆ ಏನೂ ಅನ್ನದೆ ತಿಂದಿತು. ನಮ್ಮ ಮನೆಯ ತತ್ವ ಪೂರ್ತಿಯಾಗಿ ತಿಳಿದದ್ದು ಅದಕ್ಕೊಂದಕ್ಕೇ ಇರಬೇಕು.

ಹೀಗಾಗಿ ಕಾರ್ಡುಗಳು ಬಂದಾಗ ಅವೂ ಮನೆಯವೇ ಆದವು. ಕಾಕಾ ಅಣ್ಣಿಗೇರಿಯ ಒಂದು ಅಡತಿ ಅಂಗಡಿಯಲ್ಲಿ ಕಾಳಿನ ಚೀಲ ತೂಗುವ ಕೆಲಸಕ್ಕೆ ಹೋಗುತ್ತಿದ್ದ. ಶನಿವಾರ ಸಂಜೆ ಬಸ್ಸಿಳಿದು ಬಂದವನ ಕಿಸೆಯಲ್ಲಿ ಒಂದು ಪಾಕೀಟು ಇರುತ್ತಿತ್ತು. ಎರಡಲ್ಲ, ಇಬ್ಬರಿಗೂ ಸೇರಿ ಒಂದೇ. ಒಳಗೆ ಐದು ಕಾರ್ಡು, ಕಾರ್ಡಿಗೊಂದು ಕಂಡು ಕೇಳರಿಯದ ಪ್ರಾಣಿ: ಮೂರು ತಲೆಯ ನಾಯಿ, ಕಲ್ಲಿನ ಗೂಳಿ, ಹೆಂಗಸಿನ ಮುಖದ ಹದ್ದು. ಕೆಳಗೆ ಇಂಗ್ಲಿಷಿನಲ್ಲಿ ಸಣ್ಣಕ್ಷರದ ಬರಹ ಮತ್ತು ಒಂದು ಅಂಕಿ. ಆ ಬರಹದಲ್ಲಿ ಆಟದ ನಿಯಮಗಳಿದ್ದವೆಂದು ಎಷ್ಟೋ ವರ್ಷಗಳ ನಂತರ ತಿಳಿಯಿತು. ನಮಗೆ ಇಂಗ್ಲಿಷು ಬರುತ್ತಿರಲಿಲ್ಲ. ಬರುತ್ತಿದ್ದ ಮಾಸ್ತರರಿಗೆ ತೋರಿಸಿದ್ದರೆ ಕಾರ್ಡು ಮರಳಿ ಬರುತ್ತಿರಲಿಲ್ಲ. ದೊಡ್ಡ ಅಂಕಿಯ ಪ್ರಾಣಿ ಸಣ್ಣ ಅಂಕಿಯದನ್ನು ತಿನ್ನುತ್ತದೆ ಎಂಬ ಒಂದೇ ನಿಯಮ ಮಾಡಿಕೊಂಡು ಆಡಿದೆವು. ಎಷ್ಟೋ ಪಾಕೀಟಿಗೊಮ್ಮೆ ಒಂದು ಕಾರ್ಡು ಬೇರೆಯದೇ ಬರುತ್ತಿತ್ತು. ಅದರ ಮೇಲೆ ತೆಳುವಾದ ಬೆಳ್ಳಿಯಂಥ ಹಾಳೆ ಅಂಟಿಸಿರುತ್ತಿದ್ದರು. ಓರೆ ಮಾಡಿದರೆ ಪ್ರಾಣಿಯ ಮೈಮೇಲೆ ಕಾಮನಬಿಲ್ಲು ಹರಿದಾಡುತ್ತಿತ್ತು. ಅದಕ್ಕೆ ನಾವಿಟ್ಟ ಹೆಸರು ಚಮಕ್. ದೇವರ ಖೋಲಿಯ ಮಾಳಿಗೆಯಲ್ಲೊಂದು ಬೆಳಕಿಂಡಿಯಿತ್ತು. ರವಿವಾರ ಮುಂಜಾನೆ ಅದರಿಂದ ಬಿಸಿಲಿನ ಕೋಲು ಇಳಿಯುವ ಹೊತ್ತಿಗೆ ನಾವಿಬ್ಬರೂ ಕೆಳಗೆ ಕೂತು ಒಂದೊಂದೇ ಚಮಕ್ ಹಿಡಿದು ಆಡಿಸಿದರೆ ಗೋಡೆಯ ತುಂಬ ಬೆಳಕಿನ ಚೂರುಗಳು ಓಡುತ್ತಿದ್ದವು. ಎರಡು ವರ್ಷಕ್ಕೆ ಏಳು ಚಮಕ್ ಕೂಡಿದವು. ಏಳನೆಯದಕ್ಕೆ ಎಲ್ಲಕ್ಕಿಂತ ದೊಡ್ಡ ಅಂಕಿ: ಬೆನ್ನಿಗೆ ಮುಳ್ಳು, ಬಾಯಲ್ಲಿ ಬೆಂಕಿ, ಬಾವಲಿಯಂಥ ರೆಕ್ಕೆ. ಲೋಕ ಅದನ್ನು ಡ್ರ್ಯಾಗನ್ ಎನ್ನುತ್ತದಂತೆ. ನಮ್ಮ ಹೊಲದ ಬದುವಿನಲ್ಲಿ ಅದನ್ನು ಹೋಲುವಂಥದ್ದು ಒಂದೇ ಇತ್ತು, ಬಿಸಿಲಿಗೆ ತಲೆ ಆಡಿಸುತ್ತ ಕೂರುವ ಓತಿಕ್ಯಾತ. ಆದ್ದರಿಂದ ಅದು ರೆಕ್ಕಿ ಓತಿಕ್ಯಾತವಾಯಿತು.

ಅಡುಗೆಮನೆಯಲ್ಲಿ ಎರಡು ಒಲೆ. ಒಂದರ ಮುಂದೆ ಅವ್ವ, ಇನ್ನೊಂದರ ಮುಂದೆ ಮುತ್ತೂನ ತಾಯಿ, ನನ್ನ ಚಿಗವ್ವ. ನಸುಕಿನಲ್ಲಿ ಇಬ್ಬರೂ ಒಟ್ಟಿಗೆ ರೊಟ್ಟಿ ಬಡಿಯುತ್ತಿದ್ದರು. ಒಬ್ಬಳ ಬಡಿತದ ಸಂದಿಯಲ್ಲಿ ಇನ್ನೊಬ್ಬಳ ಬಡಿತ ಬೀಳುತ್ತಿದ್ದರೆ ಮನೆ ನೆಟ್ಟಗಿದೆ ಎಂದು ಲೆಕ್ಕ. ಎರಡೂ ಒಂದರ ಮೇಲೊಂದು ಬಿದ್ದು ಗದ್ದಲವಾದರೆ ಹಿಂದಿನ ದಿನ ಏನೋ ನಡೆದಿದೆ ಎಂದು. ನಾನು ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಅದನ್ನು ಆಲಿಸಿ ಆವತ್ತು ಎಷ್ಟು ಹೆದರಬೇಕೆಂಬುದನ್ನು ನಿಶ್ಚಯಿಸುತ್ತಿದ್ದೆ. ಜಗಳದ ವಿಷಯ ಯಾವಾಗಲೂ ಸಣ್ಣದು: ಮಜ್ಜಿಗೆಯ ಗಡಿಗೆಯನ್ನು ಯಾರು ತೊಳೆಯಲಿಲ್ಲ, ಹಸಿ ಕಟ್ಟಿಗೆ ಯಾರ ಒಲೆಗೆ ಬಂತು, ತವರಿನಿಂದ ಬಂದ ಶೇಂಗಾ ಹೋಳಿಗೆಯನ್ನು ಯಾರ ಮಗ ಹೆಚ್ಚು ತಿಂದ. ತಳದಲ್ಲಿದ್ದ ವಿಷಯ ಬೇರೆ. ಅಪ್ಪ ಹೊಲದಲ್ಲಿ ಬೆವರಿಳಿಸುತ್ತಾನೆ, ಕಾಕಾ ನೆರಳಿನಲ್ಲಿ ನಿಂತು ಪಗಾರ ತರುತ್ತಾನೆ, ಇವರಲ್ಲಿ ಯಾರು ಯಾರನ್ನು ಸಾಕುತ್ತಿದ್ದಾರೆ ಎಂಬುದು. ಆಯಿ ಇರುವತನಕ ಅದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಆಯಿ ಸತ್ತಳು. ಅವಳ ದಿವಸದ ಊಟ ಮುಗಿಸಿಕೊಂಡು ಬೀಗರು ಬಸ್ಸು ಹತ್ತುವ ಮೊದಲೇ ಕಾಕಾ ಅಪ್ಪನಿಗೆ, ಬೇರೆ ಆಗೋಣ ಎಂದ. ಅಪ್ಪ ತಲೆಯ ರುಮಾಲು ಬಿಚ್ಚಿ ಝಾಡಿಸಿ ಮತ್ತೆ ಸುತ್ತಿಕೊಂಡ. ಅವನ ಒಪ್ಪಿಗೆ ಯಾವಾಗಲೂ ಹಾಗೇ ಇರುತ್ತಿತ್ತು.

ಪಾಲು ಮಾಡಿಸಲು ಮೂವರು ಹಿರಿಯರು ಬಂದರು. ಅವರಲ್ಲಿ ಮಾತಾಡಿದವರು ಒಬ್ಬರೇ, ನಮ್ಮ ಮನೆತನ ನಡೆದುಕೊಳ್ಳುವ ಮಠದ ಅಯ್ಯನವರು. ನಮ್ಮ ಕಡೆಯ ಪದ್ಧತಿ ಎಂದರೆ ಅಣ್ಣತಮ್ಮಂದಿರಲ್ಲಿ ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ತನಗೆ ಯಾವುದು ಉಳಿಯುತ್ತದೆಂದು ಗೊತ್ತಿಲ್ಲದ ಹಿರಿಯ ಎರಡನ್ನೂ ಸಮನಾಗಿಯೇ ಮಾಡುತ್ತಾನೆ ಎಂಬ ನಂಬಿಕೆ. ಒಂದು ವಾರ ಅಪ್ಪ ಪಡಸಾಲೆಯಲ್ಲಿ ಗುಂಪು ಹಾಕಿದ: ಹಂಡೆ ಆ ಕಡೆ, ಎರಡು ಕೊಡ ಈ ಕಡೆ, ಕೂರಿಗೆ ಆ ಕಡೆ, ಎಡೆಕುಂಟೆ ಈ ಕಡೆ. ಕಾಕಾ ಸಂತೆಯಲ್ಲಿ ಎತ್ತು ನೋಡುವವನ ಹಾಗೆ ಗುಂಪಿನ ಸುತ್ತ ತಿರುಗಿ ಒಂದರ ಮೇಲೆ ಕೈ ಇಡುತ್ತಿದ್ದ. ದೇವರ ಖೋಲಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ದೇವರನ್ನು ಕೂರಿಸಿದ ಮರದ ಜಗಲಿ ಹಿರಿಯ ಮಗನಿಗೇ ಉಳಿಯತಕ್ಕದ್ದು. ಅಯ್ಯನವರು ಮೊದಲ ದಿನವೇ ಹೇಳಿದ್ದರು:

“ದೇವರಿಗೆ ಪಾಲಿಲ್ಲಪಾ. ಜಗಲಿ ಬಾಜು ಏನೈತಿ, ಅದು ಜಗಲೀದು.”

ಬಾಗಿಲ ಸಂದಿಯಲ್ಲಿ ಕೂತು ಕೇಳುತ್ತಿದ್ದ ನನ್ನ ತಲೆಯಲ್ಲಿ ಆ ಮಾತು ಕೂತುಬಿಟ್ಟಿತು. ಯಾಕೆಂದರೆ ಆವತ್ತೇ ಮುತ್ತು ಕಾರ್ಡಿನ ಡಬ್ಬಿ ಎತ್ತಿಕೊಂಡು ಬಂದಿದ್ದ.

“ಅಣ್ಣಾ, ನಮ್ಮವೂ ಪಾಲ ಮಾಡೂಣು. ನೀ ಹಿರ್ಯಾ, ನೀ ಗುಂಪ ಹಾಕು. ನಾ ಆರಸ್ತೇನಿ.”

ಸಾದಾ ಕಾರ್ಡುಗಳ ಚಿಂತೆಯಿರಲಿಲ್ಲ. ಚಮಕ್ ಏಳು; ಏಳನ್ನು ಯಾವ ಅಯ್ಯನವರು ಬಂದರೂ ಸಮ ಮಾಡಲಾಗದು. ಓತಿಕ್ಯಾತ ಇರುವ ಗುಂಪಿನ ಮೇಲೆಯೇ ಮುತ್ತೂನ ಕೈ ಬೀಳುತ್ತದೆಂಬುದು ನನಗೆ ಗೊತ್ತಿತ್ತು. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ನಾಳೆ ಮಾಡೋಣ ಎಂದೆ. ಮರುದಿನ ಮುಂಜಾನೆ ಯಾರೂ ಇಲ್ಲದಾಗ ಓತಿಕ್ಯಾತವನ್ನು ತೆಗೆದುಕೊಂಡು ಹೋಗಿ ಜಗಲಿಯ ಹಲಗೆಗೂ ಗೋಡೆಗೂ ನಡುವೆ ಇಳಿಬಿಟ್ಟೆ. ಕದ್ದೆ ಎಂದು ನನಗೆ ಅನಿಸಲೇ ಇಲ್ಲ. ದೇವರ ಬಾಜು ಇರುವುದಕ್ಕೆ ಪಾಲಿಲ್ಲ, ಜಗಲಿ ಹಿರಿಯನದು, ನಾನು ಹಿರಿಯ. ಹಿರಿಯರು ಹಾಕಿದ ಕಾಯಿದೆಯ ಪ್ರಕಾರವೇ ನಡೆದಿದ್ದೆ. ಇಳಿಬಿಡುವ ಮೊದಲು ಒಂದೇ ಒಂದು ಸಲ ಅದನ್ನು ಬಿಸಿಲಿನ ಕೋಲಿಗೆ ಹಿಡಿದದ್ದು ತಪ್ಪಾಯಿತು. ಗೋಡೆ ಝಗ್ಗೆಂದಿತು. ತಿರುಗಿದರೆ ಪಡಸಾಲೆಯಲ್ಲಿ ಚಿಗವ್ವ ಕೈಯಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ಏನೂ ಕೇಳದೆ ಹೋದಳು. ಅವಳು ಕೇಳಲಿಲ್ಲವಲ್ಲ ಎಂಬುದೇ ನನಗೆ ದಿಗಿಲಾಗಿ, ಸಂಜೆ ಕಾರ್ಡನ್ನು ಅಲ್ಲಿಂದ ತೆಗೆದು ಚಡ್ಡಿಯ ಪಟ್ಟಿಯೊಳಗೆ ಸಿಕ್ಕಿಸಿಕೊಂಡೆ. ಮುತ್ತೂನಿಗೆ, ಓತಿಕ್ಯಾತ ಕಳೆದುಹೋಗಿದೆ ಎಂದೆ. ಅವನು ಮೂರು ದಿನ ಹುಡುಕಿದ. ದನಗಳ ಗೋದಲಿಯಲ್ಲಿ, ಹೊಟ್ಟಿನ ರಾಶಿಯಲ್ಲಿ, ಆಯಿಯ ಹಾಸಿಗೆಯ ಸುರುಳಿಯಲ್ಲಿ. ನಾನೂ ಜೊತೆಗೆ ಹುಡುಕಿದೆ, ಅವನಿಗಿಂತ ಹೆಚ್ಚು ಮನಸ್ಸಿಟ್ಟು.

ಪಾಲಿನ ಕೊನೆಯ ದಿನ ಚಿಗವ್ವ ಕಾಕಾನ ಬಾಯಿಂದ ಒಂದು ಮಾತು ಹೊರಡಿಸಿದಳು. ಜಗಲಿಯ ಮೇಲೆ ನಮ್ಮ ಅಜ್ಜನ ಬೆಳ್ಳಿ ಕರಡಿಗೆಯಿತ್ತು, ಅವನು ಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಪುಟ್ಟ ಡಬ್ಬಿ. ಅಜ್ಜ ಸತ್ತಾಗ ಲಿಂಗ ಅವನ ಅಂಗೈಯಲ್ಲಿ ಮಣ್ಣಿಗೆ ಹೋಯಿತು, ಕರಡಿಗೆ ಉಳಿಯಿತು. ದೇವರು ಹೋದ ಮೇಲೆ ಅದು ಬರೇ ಬೆಳ್ಳಿ, ಬೆಳ್ಳಿಗೆ ಪಾಲು ಇದೆ ಎಂಬುದು ಅವರ ವಾದ. ಅಯ್ಯನವರು ಒಪ್ಪಿ ತರಲು ಎದ್ದರು. ಕರಡಿಗೆ ಇರಲಿಲ್ಲ. ಅದು ಎಲ್ಲಿ ಹೋಯಿತೆಂಬುದು ನನಗೆ ಇಂದಿಗೂ ಗೊತ್ತಿಲ್ಲ. ಆಯಿ ಸಾಯುವ ಮೊದಲು ಮಠಕ್ಕೆ ಕೊಟ್ಟಿರಬಹುದು, ದಿವಸಕ್ಕೆ ಬಂದ ಯಾರೋ ಒಯ್ದಿರಬಹುದು, ಇಲಿ ಎಳೆದು ಬಿಲಕ್ಕೆ ಹಾಕಿರಬಹುದು. ಎಲ್ಲರೂ ಹುಡುಕಿದರು. ಜಗಲಿಯನ್ನೇ ಸರಿಸಿ ನೋಡಿದರು. ಆಮೇಲೆ ಚಿಗವ್ವ ಸೆರಗು ಸರಿ ಮಾಡಿಕೊಂಡು ಅಯ್ಯನವರ ಮುಂದೆ ಬಂದಳು.

“ನಾ ಬಾಯಿ ಬಿಡಬಾರದು ಅಂತ ಇದ್ನಿರಿ ಅಜ್ಜಾರ. ಮೊನ್ನೆ ಶಂಕ್ರ್ಯಾ ದೇವರ ಖೋಲ್ಯಾಗ ಬೆಳ್ಳಿ ಹಿಡಕೊಂಡ ನಿಂತಿದ್ದ. ಗ್ವಾಡಿ ಮ್ಯಾಲೆ ಲಕಲಕ ಅಂತಿತ್ತು. ಸಣ್ಣ ಹುಡುಗಗ ಏನ ತಿಳೀತೈತ್ರಿ? ಕಲಿಸಿ ಕಳಿಸಿದೋರು ಬ್ಯಾರೆ ಅದಾರ.”

ಅಪ್ಪ ‘ಶಂಕ್ರ್ಯಾ’ ಎಂದು ನನ್ನನ್ನು ಕರೆದು ಕೇಳಿದ, ಏನು ಹಿಡಿದುಕೊಂಡಿದ್ದೆ ಎಂದು. ಏನಿಲ್ಲ ಎಂದೆ. ಕಂಬಕ್ಕೆ ಒರಗಿ ಮುತ್ತು ನಿಂತಿದ್ದ, ನನ್ನನ್ನೇ ನೋಡುತ್ತ. ಕಾರ್ಡು ಹೊಟ್ಟೆಗೆ ಅಂಟಿಕೊಂಡಿತ್ತು, ಬೆವರಿಗೆ ಅದರ ಅಂಚು ಕೊರೆಯುತ್ತಿತ್ತು. ತೆಗೆದು ತೋರಿಸಿದ್ದರೆ ಆ ಕ್ಷಣಕ್ಕೇ ಎಲ್ಲ ಮುಗಿಯುತ್ತಿತ್ತು. ಕಾಕಾ ನನ್ನ ಕಿಸೆ ತಡವಲು ಬಂದ. ಅವನು ತಡವಿದ್ದರೂ ಮುಗಿಯುತ್ತಿತ್ತು. ಆದರೆ ಅವ್ವ ನಡುವೆ ಬಂದು ನಿಂತು, ನನ್ನ ಮಗನನ್ನು ಕಳ್ಳನಂತೆ ಜಡತಿ ಮಾಡಬೇಡ ಎಂದಳು. ಹಾಗಾದರೆ ಅವಳೇ ಆಣೆ ಮಾಡಲಿ ಎಂದಳು ಚಿಗವ್ವ. ಅಯ್ಯನವರು ದೀಪ ಹಚ್ಚಿಸಿದರು, ವಿಭೂತಿ ತರಿಸಿದರು, ನನ್ನನ್ನು ಮಣೆಯ ಮೇಲೆ ಕೂರಿಸಿದರು.

“ಮಗನ ತಲಿ ಮುಟ್ಟಿ ಹೇಳವಾ. ಕರಡಗಿ ನಾ ಮುಟ್ಟಿಲ್ಲ, ಮಗನ ಕೈಲೆ ಮುಟ್ಟಿಸಿಲ್ಲ, ಮುಟ್ಟಿದ್ರ ಈ ತಲಿ ಉಳಿಯೂದು ಬ್ಯಾಡ ಅನ್ನು.”

ಅವ್ವ ಹಿಂದೆಮುಂದೆ ನೋಡದೆ ಬಂದಳು. ಅವಳಿಗೆ ಹೆದರುವ ಕಾರಣವೇ ಇರಲಿಲ್ಲ. ಅವಳ ಕೈ ನನ್ನ ನೆತ್ತಿಯ ಮೇಲೆ ಬಿತ್ತು. ಬೆರಳ ಸಂದಿಯಲ್ಲಿ ಜೋಳದ ಹಿಟ್ಟು ಒಣಗಿತ್ತು. ಸುಳ್ಳು ಆಣೆಗೆ ಮಕ್ಕಳು ಉಳಿಯುವುದಿಲ್ಲ ಎಂಬ ಮಾತನ್ನು ನಮ್ಮಲ್ಲಿ ಮಕ್ಕಳೂ ಬಲ್ಲರು. ನಾನು ಬಚ್ಚಿಟ್ಟದ್ದು ಕರಡಿಗೆಯಲ್ಲ ಎಂದು ನನಗೆ ಗೊತ್ತಿತ್ತು, ದೇವರಿಗೂ ಗೊತ್ತಿರಬೇಕು ಎಂದುಕೊಂಡೆ. ಆದರೆ ದೇವರು ಅಷ್ಟು ಬಿಡಿಸಿ ನೋಡುತ್ತಾನೋ ಇಲ್ಲವೋ ಎಂಬ ಸಂಶಯ ಬಂತು. ಮೈ ನಡುಗತೊಡಗಿತು. ಹಲ್ಲು ಕಚ್ಚಿದೆ, ನಿಲ್ಲಲಿಲ್ಲ. ಆ ನಡುಕ ಅವ್ವನ ಅಂಗೈಗೆ ತಾಗಿತು. ಅವಳು ಬಗ್ಗಿ ನನ್ನ ಮುಖ ನೋಡಿದಳು. ಆಮೇಲೆ ಕೈ ತೆಗೆದಳು.

“ನಾ ಆಣಿ ಮಾಡೂದಿಲ್ಲರಿ ಅಜ್ಜಾರ.”

“ಮಾಡಲಿಲ್ಲಂದ್ರ ತಗೊಂಡಿ ಅಂತ ತಿಳೀತಾರವಾ.”

“ತಿಳಕೊಳ್ಳಲಿರಿ.”

ಒಳಗೆ ಹೋದಳು. ಬರುವಾಗ ಕೈಯಲ್ಲಿ ಅವಳ ಬೆಳ್ಳಿಯ ಡಾಬು ಇತ್ತು, ತವರಿನವರು ಲಗ್ನದಲ್ಲಿ ಸೊಂಟಕ್ಕೆ ತೊಡಿಸಿ ಕಳಿಸಿದ್ದು. ಅದನ್ನು ಕಾಕಾನ ಪಾಲಿನ ಗುಂಪಿನ ಮೇಲೆ ಇಟ್ಟು ರೊಟ್ಟಿ ಬಡಿಯಲು ಹೋದಳು. ಅಪ್ಪ ನೆಲ ನೋಡುತ್ತಿದ್ದ. ಅವನೂ ಆ ಕ್ಷಣ ಅವಳೇ ತೆಗೆದುಕೊಂಡಿದ್ದಾಳೆ ಎಂದು ನಂಬಿದ ಎನ್ನುವುದು ನನಗೆ ಅವನ ಕಿವಿಗಳನ್ನು ನೋಡಿ ಗೊತ್ತಾಯಿತು. ನಾಚಿಕೆಯಾದಾಗ ಅವು ಕೆಂಪಗಾಗುತ್ತಿದ್ದವು.

ಸಂಜೆ ಅವ್ವ ಬಚ್ಚಲ ಒಲೆಗೆ ಹತ್ತಿಕಟಗಿ ತುರುಕುತ್ತಿದ್ದಾಗ ನನ್ನನ್ನು ಕರೆದಳು.

“ಕರಡಗಿ ತಗೊಂಡ್ಯೇನು?”

“ಇಲ್ಲಬೇ.”

“ಮತ್ತ್ಯಾಕ ನಡಗಿದಿ?”

ಇದಕ್ಕೆ ಉತ್ತರ ನನ್ನ ಪಟ್ಟಿಯೊಳಗೇ ಇತ್ತು. ನಿಜವಾಗಿಯೂ ಬೆಳ್ಳಿ ಕದ್ದಿದ್ದರೆ ಕಾಲಿಗೆ ಬಿದ್ದು ಹೇಳಿಬಿಡುತ್ತಿದ್ದೆನೇನೋ. ಅದೊಂದು ದೊಡ್ಡ ತಪ್ಪು, ಹೊಡೆತಕ್ಕೆ ತಕ್ಕದ್ದು. ಆದರೆ ನೀನು ಡಾಬು ಬಿಚ್ಚಿಟ್ಟದ್ದು, ಊರ ಹಿರಿಯರ ಮುಂದೆ ಕಳ್ಳಿಯಾದದ್ದು ಒಂದು ಓತಿಕ್ಯಾತದ ಚಿತ್ರಕ್ಕಾಗಿ ಎಂದು ಹೇಗೆ ಹೇಳಲಿ? ತಪ್ಪು ಇಷ್ಟು ಸಣ್ಣದಿರಬಾರದಿತ್ತು. ಅವ್ವ ಇನ್ನೆರಡು ಕಟಗಿ ಒಲೆಗಿಡುವತನಕ ಕಾದಳು.

“ಹೋಗ್ಲಿ ಬಿಡು,” ಎಂದಳು. “ನಿನಗ ಏನರ ಆಗಿದ್ರ ಆ ಬೆಳ್ಳಿ ತಗೊಂಡ ನಾ ಏನ ಮಾಡಲಿ?”

ಅವಳು ಎಮ್ಮೆ ಹಿಂಡಲು ಹೋದ ಮೇಲೆ ಓತಿಕ್ಯಾತವನ್ನು ತೆಗೆದು ಬೆಂಕಿಗೆ ಹಾಕಿದೆ. ಅದು ಕಾಗದದಂತೆ ಉರಿಯಲಿಲ್ಲ. ಸುರುಳಿಯಾಗಿ, ಕರಗಿ, ಕೆಟ್ಟ ವಾಸನೆ ಬಿಟ್ಟು ಒಂದು ಕರಿ ಗಂಟಾಯಿತು. ಪಾಪ ಕಳೆದುಕೊಂಡೆ ಎಂದು ಎಣಿಸಿದೆ. ಅವ್ವನ ಪರ ಇದ್ದ ಒಂದೇ ಸಾಕ್ಷಿಯನ್ನು ಸುಟ್ಟೆನೆಂದು ತಿಳಿಯಲು ದೊಡ್ಡವನಾಗಬೇಕಾಯಿತು.

ಹದಿನೈದು ದಿನದೊಳಗೆ ಪಡಸಾಲೆಯ ನಡುವೆ ಗೋಡೆ ಎದ್ದಿತು. ಮುತ್ತೂನ ಮೂರು ಚಮಕ್ ಆ ಕಡೆ ಹೋದವು, ನನ್ನ ಮೂರು ಈ ಕಡೆ ಉಳಿದವು. ಆಡಲು ಎದುರಾಳಿ ಇಲ್ಲದೆ ನನ್ನವನ್ನು ಗೆದ್ದಲು ತಿಂದಿತು. ಅವ್ವನಿಗೆ ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಊರಿನಲ್ಲಿ ಹಾಗೆ ಅನ್ನುವುದಿಲ್ಲ. ಬಸುರಿಯ ಕುಬಸದ ಮನೆಗೆ ಅವಳು ಹೋದರೆ ಆರತಿಯ ಬೆಳ್ಳಿ ತಾಟು ಯಾವುದೋ ನೆಪದಲ್ಲಿ ಒಳಗೆ ಹೋಗುತ್ತಿತ್ತು, ಅಷ್ಟೇ. ಒಂದೆರಡು ಸಲ ಹಾಗಾದ ಮೇಲೆ ಅವಳು ಯಾರ ಮನೆಗೆ ಹೋದರೂ ಪಡಸಾಲೆ ದಾಟುವುದನ್ನು ಬಿಟ್ಟಳು. ಬಾಗಿಲ ಬದಿಯಲ್ಲೇ ಕೂತು, ಉಡಿ ತುಂಬಿಸಿಕೊಂಡು, ಎದ್ದು ಬರುತ್ತಿದ್ದಳು. ಒಳಗೆ ಬಾ ಎಂದರೆ ಮೊಣಕಾಲು ನೋವು ಎನ್ನುತ್ತಿದ್ದಳು. ಆಗ ಅವಳಿಗೆ ಮೂವತ್ತೈದೂ ಆಗಿರಲಿಲ್ಲ. ನಾನು ಬೆಳೆದು ನವಲಗುಂದದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾದೆ. ಆಫೀಸಿನಲ್ಲಿ ರಬ್ಬರ್ ಸ್ಟ್ಯಾಂಪು ಕಾಣದಿದ್ದರೂ ಯಾರೂ ಕೇಳುವ ಮೊದಲೇ ನನ್ನ ಕೈ ನಡುಗುತ್ತದೆ, ಹೀಗಾಗಿ ಎಲ್ಲರೂ ಮೊದಲು ನನ್ನ ಮೇಜನ್ನೇ ನೋಡುತ್ತಾರೆ. ಮನೆಗೆ ಬೀಗ ಹಾಕಿ ಬೀದಿಯ ತಿರುವಿನಿಂದ ಎರಡು ಸಲ ಮರಳಿ ಬಂದು ಜಗ್ಗಿ ನೋಡುತ್ತೇನೆ. ಹೆಂಡತಿ ಇದನ್ನು ಬೀಗರ ಮುಂದೆ ಹೇಳಿ ನಗಿಸುತ್ತಾಳೆ. ನಾನೂ ನಗುತ್ತೇನೆ. ಅವ್ವನಿಗೆ ಹೇಳಬೇಕೆಂದು ಎಷ್ಟೋ ಸಲ ಬಸ್ಸು ಹತ್ತಿ ಹೋದೆ. ಅವಳು ಬಡಿಸಿದ್ದನ್ನು ಉಂಡು, ಮಳೆ ಬೆಳೆ ಮಾತಾಡಿ ಮರಳಿ ಬಂದೆ. ನಾಲ್ಕು ವರ್ಷದ ಹಿಂದೆ ತೀರಿಕೊಂಡಳು. ಅವಳು ಮತ್ತೆ ಎಂದೂ ಕೇಳಲಿಲ್ಲ.

ಹೋದ ಬೇಸಿಗೆಯಲ್ಲಿ ಧೈರ್ಯ ಮಾಡಿ ಚಿಗವ್ವನ ಮನೆಗೆ ಹೋದೆ. ಕಾಕಾ ಈಗ ಇಲ್ಲ. ಮುತ್ತು ಹೊಲ ನೋಡಿಕೊಂಡು, ಟ್ರ್ಯಾಕ್ಟರ್ ಬಾಡಿಗೆಗೆ ಹೊಡೆಯುತ್ತಾನೆ. ನನ್ನನ್ನು ಕಂಡರೆ ಇಂದಿಗೂ ಎದ್ದು ನಿಲ್ಲುವಷ್ಟು ಒಳ್ಳೆಯವ. ಅವನ ಮುಂದೆಯೇ ಚಿಗವ್ವನಿಗೆ ಎಲ್ಲ ಹೇಳಿದೆ: ಕಾರ್ಡು, ಬೆಳಕಿಂಡಿ, ಗೋಡೆಯ ಮೇಲಿನ ಹೊಳಪು, ಚಡ್ಡಿಯ ಪಟ್ಟಿ, ಬಚ್ಚಲ ಒಲೆ. ಚಿಗವ್ವ ಕನ್ನಡಕ ತೆಗೆದು ಕೇಳಿದಳು. ಮುಗಿದ ಮೇಲೆ ಮಗನ ಕಡೆ ನೋಡಿದಳು. ಮುತ್ತು ಹಣೆ ಉಜ್ಜಿಕೊಂಡ.

“ಯಾವ ಓತಿಕ್ಯಾತ ಅಣ್ಣಾ? ಕಾರ್ಡ ಆಡತಿದ್ವಿ, ಅಷ್ಟ ನೆಪ್ಪೈತಿ ನೋಡು.”

ಮೂರು ದಿನ ಹುಡುಕಿದೆಯಲ್ಲೋ, ಗೋದಲಿಯಲ್ಲಿ ಇಳಿದು ಹುಡುಕಿದೆಯಲ್ಲ ಎಂದೆ. ಹುಡುಕಿರಬೇಕು ಬಿಡು ಎಂದ, ನನಗೆ ಬೇಜಾರಾಗಬಾರದೆಂದು. ಚಿಗವ್ವ ಕೇಳಿದಳು:

“ಆ ಕಾಗದ ಎಲ್ಲೈತಿ? ತೋರಸು.”

“ಸುಟ್ಟಬಿಟ್ಟೆ ಚಿಗವ್ವಾ. ಹೇಳಿದ್ನಲ್ಲ.”

ಅವಳು ಕನ್ನಡಕ ಮತ್ತೆ ಏರಿಸಿಕೊಂಡು ನನ್ನನ್ನು ನೋಡಿದಳು. ಆಮೇಲೆ ಅವಳ ಕಣ್ಣಲ್ಲಿ ನೀರು ಬಂತು. ನಂಬಿದಳು ಎಂದುಕೊಂಡೆ.

“ಸತ್ತಾಕಿ ಹೆಸರಿಗೆ ಹತ್ತಿದ್ದ ಕಲೆ ತೊಳೀಬೇಕಂತ ಇಷ್ಟ ವರ್ಷಕ್ಕ ಒಂದ ಕತಿ ಕಟಗೊಂಡ ಬಂದಾನ ನೋಡ ಮುತ್ತೂ. ಮಗಾ ಅಂದ್ರ ಹಿಂಗಿರಬೇಕು.” ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾ ನಿಮ್ಮವ್ವಗ ಎಂದೋ ಮಾಫ ಮಾಡೇನಪಾ. ಮಣ್ಣ ಹಾಕೂ ಮುಂದ ಮನಸಿನ್ಯಾಗ ಅಂದೇನಿ, ಹೋಗ ಯಕ್ಕಾ, ಮುಗೀತು ಅಂತ. ನೀ ಇನ್ನ ಚಿಂತಿ ಮಾಡಬ್ಯಾಡ.”

ಇಲ್ಲ ಚಿಗವ್ವಾ, ಅವ್ವ ಏನೂ ಮಾಡಿರಲಿಲ್ಲ, ಮಾಫ್ ಮಾಡುವಂಥದ್ದು ಏನೂ ಇರಲಿಲ್ಲ ಎನ್ನಬೇಕಿತ್ತು. ಗದ್ದಲ ಮಾಡಬೇಕಿತ್ತು, ಉಣ್ಣದೆ ಎದ್ದು ಬರಬೇಕಿತ್ತು. ಅಷ್ಟರಲ್ಲಿ ಮುತ್ತೂನ ಹೆಂಡತಿ ತಾಟು ತಂದಿಟ್ಟಳು. ಚಿಗವ್ವ ಅವಳಿಗೂ, ಬಾಗಿಲಲ್ಲಿ ಇಣುಕಿದ ಬಾಜು ಮನೆಯ ಹೆಂಗಸಿಗೂ, ಇಂಥ ಮಗನನ್ನು ಹಡೆಯಲು ಪುಣ್ಯ ಮಾಡಿರಬೇಕು ಎಂದು ಹೇಳುತ್ತಿದ್ದಳು. ನಾನು ಕೈ ತೊಳೆದುಕೊಂಡು ಬಂದು ಕೂತೆ. ಅವ್ವ ಕಳ್ಳಿಯಾಗಿಯೇ ಉಳಿದಳು. ನಾನು ಆ ಮನೆಯಲ್ಲಿ ಒಳ್ಳೆಯ ಮಗನಾಗಿ, ಎರಡು ರೊಟ್ಟಿ ಉಂಡು, ಇನ್ನೊಂದು ಹಾಕಿಸಿಕೊಂಡೆ.